ಸದ್ದಿಲ್ಲದೆ ನಡೆದ ಅಳತೆ

ಆಸ್ಪತ್ರೆಯ ಲಕೋಟೆ ಬಂದರೆ ಅದನ್ನು ಒಡೆದು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದುವುದು ಸೈಮಾಳ ಮೂವತ್ತು ವರ್ಷದ ರೂಢಿ. ಅಪ್ಪ ಔಲಿಸನ ಕಣ್ಣು ಪೂರ್ತಿ ಆರಿಹೋದಂದಿನಿಂದ ಅವನ ಕಾಗದಗಳಿಗೆ ಅವಳ ಬಾಯಿಯೇ ದಾರಿ. ಹೆಸರು ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ. ಆ ಮನೆಗೆ ಬರುವ ಆಸ್ಪತ್ರೆಯ ಕಾಗದ ಅಂದರೆ ಅಪ್ಪನದೇ.

ಅವತ್ತು ಗುರುವಾರ. ಶಾಲೆಯ ಅಡಿಗೆಮನೆಯಲ್ಲಿ ಅರವತ್ತು ಮಕ್ಕಳಿಗೆ ಬಟಾಣಿ ಸಾರು ಬಡಿಸಿ ಬಂದವಳು, ಮನೆಯಲ್ಲಿ ಮತ್ತೆ ಐದು ಜನಕ್ಕೆ ಅದನ್ನೇ ಕುದಿಸಿದ್ದಳು. ಅಕ್ಟೋಬರ್ ಕೊನೆ, ಉತ್ತರದ ಆ ಊರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕಿಟಕಿಯಲ್ಲಿ ಕತ್ತಲು. ಮಗ ಇಲಾರಿ ಸಾಮಿಲ್ಲಿನಿಂದ ಆಗಷ್ಟೇ ಬಂದು ಕೈ ತೊಳೆದಿದ್ದ. ಸೊಸೆ ಪಿರಿಟಾ ಮೊಮ್ಮಗಳು ಲೂಮಿಯ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. ಸೈಮಾ ಚಮಚದ ಹಿಡಿಯಲ್ಲೇ ಲಕೋಟೆ ಸೀಳಿ ಶುರು ಮಾಡಿದಳು.

"'ಅಕ್ಟೋಬರ್ ಒಂಬತ್ತರಂದು ನಡೆದ ನೋಟದ ಹರವಿನ ಪರೀಕ್ಷೆಯಲ್ಲಿ, ಬೆಳಕನ್ನು ತೋರಿಸದೆ ಇದ್ದಾಗಲೂ ಹತ್ತಕ್ಕೆ ನಾಲ್ಕು ಸಲ ತಾವು ಗುಂಡಿ ಒತ್ತಿರುವುದು ಕಂಡುಬಂದಿದೆ.'"

"ನಾನು ಅಕ್ಟೋಬರಲ್ಲಿ ಎಲ್ಲಿಗೂ ಹೋಗಿಲ್ವಲ್ಲ" ಅಂದ ಔಲಿಸ್, ಸಾಸಿವೆಯ ಟ್ಯೂಬನ್ನು ತಡಕುತ್ತಾ.

ಆಗ ಸೈಮಾ ಮೇಲೆ ಬರೆದಿದ್ದ ಹೆಸರು ನೋಡಿದಳು. ಇಲಾರಿ ಕೈ ಚಾಚಿದ.

"ಅದು ನಂದು ಅಮ್ಮ. ಕೊಡು."

"ಪೂರ್ತಿ ಓದಿ, ಸೈಮಾ" ಅಂದಳು ಪಿರಿಟಾ. ಬೆಣ್ಣೆಯ ಚಾಕು ಅವಳ ಕೈಯಲ್ಲೇ ಇತ್ತು.

ಸೈಮಾ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಓದಿದಳು. ಕಳೆದ ಎರಡು ವರ್ಷದ ಪರೀಕ್ಷೆಗಳಲ್ಲೂ ಇದೇ ಆಗಿದೆ. ಆದ್ದರಿಂದ ಮೂರೂ ಅಳತೆಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೊಸ ಚಿಕಿತ್ಸೆಯ ಪ್ರಯೋಗ ಆರಂಭವಾದಾಗ, ನೋಟ ಎಷ್ಟೆಷ್ಟು ಕುಗ್ಗುತ್ತಿದೆ ಎಂಬ ನಂಬಲರ್ಹ ಅಳತೆ ಕನಿಷ್ಠ ಎರಡು ವರ್ಷದ್ದು ಇದ್ದವರನ್ನು ಮಾತ್ರ ಪರಿಗಣಿಸಲಾಗುವುದು. ನವೆಂಬರ್ ಇಪ್ಪತ್ತೇಳಕ್ಕೆ ಮತ್ತೊಮ್ಮೆ ಬನ್ನಿ. ಆ ಅಳತೆಯೂ ಹೀಗೇ ಬಂದರೆ ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ.

ಮೂರು ವರ್ಷದಿಂದಲೂ ಇಲಾರಿ ಆಸ್ಪತ್ರೆಯಿಂದ ಬಂದಾಗಲೆಲ್ಲ 'ಏನೂ ಕಮ್ಮಿಯಾಗಿಲ್ಲವಂತೆ' ಅನ್ನುತ್ತಿದ್ದ. ಸೈಮಾ ಆ ದಿನ ಏಲಕ್ಕಿ ಹಾಕಿದ ಬನ್ನು ಬೇಯಿಸುತ್ತಿದ್ದಳು. ಈ ವರ್ಷವೂ ಬೇಯಿಸಿದ್ದಳು.

"ಹೇಗೆ ಮಾಡ್ದೆ?" ಅಂತ ಕೇಳಿದಳು ಪಿರಿಟಾ.

ಸುಳ್ಳು ಹೇಳಿ ಇನ್ನು ಪ್ರಯೋಜನವಿಲ್ಲವೆಂದು ಇಲಾರಿಗೆ ಗೊತ್ತಾಗಿತ್ತು. ಗದ್ದವನ್ನು ಆನಿಸಿ ಕೂರಬೇಕಾದ ಆ ಬಿಳಿ ಬೋಗುಣಿಯಂಥ ಯಂತ್ರ, ಒಳಗೆ ಬೆಳಕಿನ ಚುಕ್ಕೆ ಬಿಡುವ ಮುಂಚೆ ಸಣ್ಣಗೆ ಟಿಕ್ ಅನ್ನುತ್ತದಂತೆ. ಅವನು ಟಿಕ್ ಕೇಳಿ ಒತ್ತುತ್ತಿದ್ದನಂತೆ. ನಡುನಡುವೆ ಯಂತ್ರ ಬರೀ ಟಿಕ್ ಅಂದು ಬೆಳಕು ಬಿಡದೆ ಮೋಸ ಹಿಡಿಯುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

"ಗರಗಸದ ಸದ್ದಲ್ಲೇ ಮರ ಹಸೀದೋ ಒಣಗಿದ್ದೋ ಹೇಳೋನು ನಾನು. ಆ ಟಿಕ್ ಕೇಳಲ್ವಾ?" ಅಂದ. ಆ ಮಾತಿನಲ್ಲಿ ಇನ್ನೂ ಸ್ವಲ್ಪ ಜಂಬವೇ ಇತ್ತು.

"ಯಾರಿಗೆ ಮೋಸ ಮಾಡ್ದೆ ಅಂತ ಗೊತ್ತಾ?"

"ಕಮ್ಮಿ ಬಂದ್ರೆ ಡಾಕ್ಟ್ರು ಪೊಲೀಸ್ರಿಗೆ ಬರೀತಾರೆ. ಲೈಸೆನ್ಸು ಹೋಗುತ್ತೆ. ಸಾಮಿಲ್ಲು ನಲವತ್ತು ಕಿಲೋಮೀಟ್ರು. ನಡ್ಕೊಂಡು ಹೋಗ್ಲಾ?"

"ನಿನ್ನ ಮಗಳು ಹಿಂದಿನ ಸೀಟಲ್ಲಿ ಕೂತಿರ್ತಾಳೆ, ಇಲಾರಿ. ದಿನಾ ಶಿಶುವಿಹಾರದಿಂದ ಬರೋವಾಗ."

ಇಲಾರಿ ತಟ್ಟೆಯನ್ನು ದೂರ ತಳ್ಳಿದ. ಎದ್ದು ಹೋಗುವಾಗ ಎಡಗೈ ಹಾಲಿನ ಜಗ್ಗಿಗೆ ತಗುಲಿತು. ಜಗ್ಗು ಉರುಳಿ ಹಾಲು ಔಲಿಸನ ಮಡಿಲಿಗೆ ಹರಿಯಿತು. ಆ ಜಗ್ಗು ಅಷ್ಟು ಹೊತ್ತೂ ಇಲಾರಿಯ ಮುಂಗೈಯ ಪಕ್ಕದಲ್ಲೇ ಇತ್ತು. ಸೈಮಾ ಬಟ್ಟೆ ತಂದು ಒರೆಸಿದಳು. ಒರೆಸುವ ಕೆಲಸವಿದ್ದದ್ದೇ ಅವಳಿಗೆ ಆ ಹೊತ್ತಿನ ಪುಣ್ಯ.

ಈ ಗಡಿಸೀಮೆಯಲ್ಲಿ ಆ ಕಾಯಿಲೆ ಹೊಸದಲ್ಲ. ಹೆಂಗಸರ ಮೈಯಲ್ಲಿ ಸುಮ್ಮನೆ ಕೂತಿದ್ದು ಗಂಡುಮಕ್ಕಳ ಕಣ್ಣಿಗೆ ದಾಟುತ್ತದೆ. ಮೊದಲು ಇರುಳಿನ ನೋಟ, ಆಮೇಲೆ ಅಂಚು, ಆಮೇಲೆ ಅಂಚಿನ ಒಳಗಿನ ಅಂಚು. ನಡುವೆ ಬೊಗಸೆಯಷ್ಟು ಬೆಳಕು ಬಹಳ ವರ್ಷ ಉಳಿದಿರುತ್ತದೆ. ಅದರಲ್ಲಿ ಪತ್ರಿಕೆ ಓದಬಹುದು, ಸೂಜಿಗೆ ದಾರ ಪೋಣಿಸಬಹುದು. ಅದಕ್ಕೇ ನೋಡಿದವರು ಯಾರೂ ನಂಬುವುದಿಲ್ಲ. ಔಲಿಸನಿಂದ ಸೈಮಾಳಿಗೆ, ಸೈಮಾಳಿಂದ ಇಲಾರಿಗೆ. ತಾನು ಮಗನಿಗೆ ಏನೇನು ಕೊಟ್ಟೆ ಅಂತ ಲೆಕ್ಕ ಹಾಕುವುದನ್ನು ಸೈಮಾ ಬಹಳ ಹಿಂದೆಯೇ ಬಿಟ್ಟಿದ್ದಳು. ಗಂಡ ಇನ್ನೊಬ್ಬಳ ಜೊತೆ ದಕ್ಷಿಣಕ್ಕೆ ಹೋದ ಮೇಲೆ ಯೋಚನೆಗೆ ಪುರಸೊತ್ತು ಇರಲೂ ಇಲ್ಲ.

ಮಾರನೆಯ ದಿನದಿಂದ ಲೂಮಿಯ ಕೂರುವ ಸೀಟು ಅಜ್ಜಿಯ ಕಾರಿಗೆ ಬಂತು. ಪಿರಿಟಾ ಕೇಳಲಿಲ್ಲ, ಬಿಚ್ಚಿ ತಂದು ಕಟ್ಟಿದಳು ಅಷ್ಟೆ. ಪಟ್ಟಣದಲ್ಲಿ ಟ್ರಾಮಿನ ಮಗ್ಗುಲಲ್ಲಿ ಬೆಳೆದ ಹುಡುಗಿ. ಮೂವತ್ತಾದರೂ ಸ್ಟಿಯರಿಂಗ್ ಮುಟ್ಟಿದವಳಲ್ಲ. ಸೋಮವಾರ ಡ್ರೈವಿಂಗ್ ಶಾಲೆಗೆ ಹೆಸರು ಬರೆಸಿ ಬಂದಳು.

"ನವೆಂಬರಲ್ಲಿ ಕಲೀತಾಳಂತೆ" ಅಂತ ಇಲಾರಿ ನಕ್ಕ. "ಹಿಮ, ಕತ್ತಲು, ರಸ್ತೆ ತುಂಬ ಹಿಮಸಾರಂಗ. ಮೊದಲನೇ ದಿನವೇ ಹಳ್ಳಕ್ಕೆ."

"ಹಳ್ಳ ಬಂದ್ರೆ ನಂಗೆ ಕಾಣತ್ತಲ್ಲ" ಅಂದಳು ಪಿರಿಟಾ.

ಆ ಮಾತು ಚುಚ್ಚಬೇಕಾದಲ್ಲೇ ಚುಚ್ಚಿತು. ನಾಲ್ಕು ದಿನ ಗಂಡಹೆಂಡಿರ ನಡುವೆ ಮಾತಿಲ್ಲ. ಇಲಾರಿ ಎಲ್ಲರ ಊಟ ಮುಗಿದ ಮೇಲೆ ಬಂದು ಒಲೆಯ ಮುಂದೆ ನಿಂತೇ ತಿನ್ನುತ್ತಿದ್ದ. ಬೆಳಿಗ್ಗೆ ಐದಕ್ಕೆ ತನ್ನ ಕಾರನ್ನು ತಾನೇ ಓಡಿಸಿಕೊಂಡು ಹೋಗುತ್ತಿದ್ದ. ಅಡಿಗೆಮನೆಯ ಕಿಟಕಿಯಿಂದ ಸೈಮಾ ಅದರ ಹಿಂದಿನ ಕೆಂಪು ದೀಪಗಳು ತಿರುವು ದಾಟುವವರೆಗೂ ನೋಡುತ್ತಿದ್ದಳು. ಬೇಡ ಅನ್ನಲು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದಳು. ಇಪ್ಪತ್ತೇಳು ವರ್ಷದ ಗಂಡಸಿನ ಕೈಯಿಂದ ಕೀ ಕಿತ್ತುಕೊಳ್ಳುವುದು ಹೇಗೆ?

ಒಂದು ಸಂಜೆ ಕೇಳಿಯೇಬಿಟ್ಟಳು. ಇಪ್ಪತ್ತೇಳನೇ ತಾರೀಕು ಏನು ಮಾಡ್ತೀಯ?

"ನಂಗೆ ಕಾಣ್ಸತ್ತೆ ಅಮ್ಮ. ಆ ಯಂತ್ರಕ್ಕಿಂತ ನಮ್ಮ ಕೊಟ್ಟಿಗೆ ಗೋಡೆ ಮೇಲು. ಹೋಗಿ ನೋಡು. ನನ್ನ ವಯಸ್ಸಲ್ಲಿ ಅಜ್ಜಂಗೆ ಅರ್ಧ ಗೋಡೆ ಕಾಣ್ತಿತ್ತು. ಅವನ ರಕ್ತ ತಾನೇ ನಂದೂ? ನಂಗಿನ್ನೂ ಹತ್ತು ವರ್ಷ ಇದೆ."

ಕೊಟ್ಟಿಗೆಯ ಗೋಡೆ ಈ ಮನೆಯ ಹೆಮ್ಮೆ. ಔಲಿಸನಿಗೆ ಇಪ್ಪತ್ತನಾಲ್ಕಾದಾಗ ಕಾಯಿಲೆ ಇದೆಯೆಂದು ಗೊತ್ತಾಯಿತು. ಅಂದಿನಿಂದ ಪ್ರತಿ ವರ್ಷ, ಹುಲ್ಲು ಒಳಗೆ ಸೇರಿದ ಮಾರನೆಯ ಭಾನುವಾರ, ಅವನು ನಡುಗಂಬಕ್ಕೆ ಬೆನ್ನು ಕೊಟ್ಟು ಎದುರಿನ ಮರದ ದಿಮ್ಮಿಗಳ ಗೋಡೆಯಲ್ಲಿದ್ದ ಒಂದು ಮೊಳೆಯನ್ನು ದಿಟ್ಟಿಸುತ್ತಾ ನಿಲ್ಲುವುದು. ಆಗಿನ್ನೂ ಬದುಕಿದ್ದ ಹೆಂಡತಿ ಹಿಲ್ಮಾ ಹಾಲಿನ ಕ್ಯಾನಿನ ಹೊಳೆಯುವ ಮುಚ್ಚಳ ಹಿಡಿದು ಎಡಮೂಲೆಯಿಂದ ಮೊಳೆಯ ಕಡೆಗೆ ನಡೆಯುವುದು. ಕಂಡ ಕ್ಷಣ ಅವನು 'ಈಗ' ಅನ್ನಬೇಕು. ಅಲ್ಲೇ ಅವಳು ಚಾಕುವಿನಿಂದ ದಿಮ್ಮಿಯ ಮೇಲೆ ಗೀಟು ಹಾಕುವಳು. ಹನ್ನೊಂದು ವರ್ಷ, ಹನ್ನೊಂದು ಗೀಟು. ಮೂಲೆಯಿಂದ ಒಂದೊಂದೇ ಬೆರಳು ಒಳಗೆ ಬಂದಿದ್ದವು. ಆಮೇಲೆ ಟ್ರ್ಯಾಕ್ಟರಿನಡಿ ಸಿಕ್ಕಿ ಹಿಲ್ಮಾಳ ಕಾಲು ಕುಂಟಾಯಿತು, ಅಳತೆ ನಿಂತಿತು. ಔಲಿಸನ ಕಣ್ಣು ಎಷ್ಟು ನಿಧಾನವಾಗಿ ಹೋಯಿತು ನೋಡಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ ಗೋಡೆ ಅದು.

ಇಲಾರಿ ಗೋಡೆಯ ಮಾತೆತ್ತಿದಾಗ ಔಲಿಸ್ ಒಲೆಯ ಪಕ್ಕ ಕಾಲುಚೀಲ ಒಣಗಿಸುತ್ತಾ ಕೂತಿದ್ದ. ಆ ರಾತ್ರಿ ಕಾಫಿಯನ್ನೂ ಬೇಡವೆಂದ. ಎಪ್ಪತ್ತಾರು ವರ್ಷದ ಅಪ್ಪ ಅದುವರೆಗೆ ಒಮ್ಮೆಯೂ ಕಾಫಿ ಬೇಡವೆಂದದ್ದನ್ನು ಸೈಮಾ ಕಂಡಿರಲಿಲ್ಲ.

ಭಾನುವಾರ ಗಂಜಿ ಕುಡಿದಾದ ಮೇಲೆ ಮುದುಕ ಎಲ್ಲರೂ ಕೊಟ್ಟಿಗೆಗೆ ಬನ್ನಿ ಅಂದ. ದನ ಮಾರಿ ಇಪ್ಪತ್ತು ವರ್ಷವಾಗಿತ್ತು. ಒಳಗೆ ಹಳೆಯ ಹುಲ್ಲಿನ ವಾಸನೆ, ಸ್ಕೀಗಳು, ಹುಲ್ಲು ಕೊಯ್ಯುವ, ಕೆಟ್ಟುಹೋದ ಯಂತ್ರ. ಔಲಿಸ್ ಯಾರ ಕೈಯನ್ನೂ ಹಿಡಿಯದೆ ನಡುಗಂಬಕ್ಕೆ ಹೋಗಿ ಇಲಾರಿಯನ್ನು ಅಲ್ಲಿ ನಿಲ್ಲಿಸಿದ. ಹಾಲಿನ ಕ್ಯಾನಿನ ಆ ಮುಚ್ಚಳ ಇನ್ನೂ ಗೂಟದಲ್ಲೇ ತೂಗುತ್ತಿತ್ತು. ಸೈಮಾ ಸೆರಗಿಲ್ಲದ ಊರಿನ ಹೆಂಗಸು, ಸ್ವೆಟರಿನ ತೋಳಿನಿಂದಲೇ ಅದರ ಧೂಳು ಒರೆಸಿದಳು.

"ಮೊಳೆ ಬಿಟ್ಟು ಕಣ್ಣು ಆಡಿಸ್ಬೇಡ" ಅಂದ ಔಲಿಸ್.

"ಒಳ್ಳೇ ಮಕ್ಕಳಾಟ" ಅಂದ ಇಲಾರಿ. ಆದರೂ ನಿಂತ.

ಸೈಮಾ ಮೂಲೆಯಿಂದ ಹೊರಟಳು. ಹಲಗೆಯ ಮೇಲೆ ಬೂಟು ದಡದಡ ಅಂದಿತು. ನಾಲ್ಕನೆಯ ಗೀಟಿನ ಹತ್ತಿರ ಮಗ 'ಈಗ' ಅಂದ.

"ಕಂಡ್ರಾ? ಅಜ್ಜಂಗೆ ಇಪ್ಪತ್ತೇಳಾದಾಗಲೂ ಇದೇ ಗೀಟು" ಅಂತ ಹೆಂಡತಿಯ ಕಡೆ ತಿರುಗಿದ. ಪಿರಿಟಾ ಹುಲ್ಲಿನ ಹೊರೆಯ ಮೇಲೆ ಲೂಮಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಸೈಮಾ, ಬೂಟು ಬಿಚ್ಚು" ಅಂದ ಔಲಿಸ್. "ಲೂಮಿ, ಬಾಯಿ ಮೇಲೆ ಕೈ ಇಟ್ಕೋ. ಅಪ್ಪ ಮಾತಾಡೋ ತನಕ ಯಾರೂ ಉಸಿರೆತ್ಬಾರ್ದು."

ಉಣ್ಣೆಯ ಕಾಲುಚೀಲದಲ್ಲಿ ಸೈಮಾ ಮತ್ತೆ ಮೂಲೆಯಿಂದ ಹೊರಟಳು. ಹಲಗೆ ತಣ್ಣಗೆ ಕೊರೆಯುತ್ತಿತ್ತು. ಒಂದನೆಯ ಗೀಟು ದಾಟಿದಳು. ನಾಲ್ಕು ದಾಟಿದಳು. ಮುಚ್ಚಳ ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಏಳು, ಎಂಟು. ಮಗ ಮೊಳೆಯನ್ನೇ ನೋಡುತ್ತಿದ್ದ, ತುಟಿಯಲ್ಲಿ ಇನ್ನೂ ಆ ನಗೆ. ಹನ್ನೊಂದನೆಯ ಗೀಟೂ ಹಿಂದೆ ಬಿತ್ತು. ಅವಳ ಅಮ್ಮ ಹಿಲ್ಮಾ ನಡೆದದ್ದು ಅಲ್ಲಿಯವರೆಗೆ ಮಾತ್ರ. ಮುಂದಿನ ದಿಮ್ಮಿಯ ಮೇಲೆ ಚಾಕು ಮುಟ್ಟೇ ಇರಲಿಲ್ಲ. ಮೊಳೆಗೆ ಎರಡು ಗೇಣು ಉಳಿದಿತ್ತು.

"ಯಾಕಮ್ಮ ನಿಂತೇ ಇದ್ದೀಯ?" ಅಂದ ಇಲಾರಿ. "ಶುರು ಮಾಡು."

ಲೂಮಿ ಬಾಯಿಯ ಮೇಲಿನ ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು.

ಸೈಮಾ ಇನ್ನೊಂದು ಹೆಜ್ಜೆ ಇಟ್ಟಳು. "ಈಗ" ಅಂದ ಮಗ. ಅಂದವನು ಕಣ್ಣು ಹೊರಳಿಸಿ ಅವಳು ಎಲ್ಲಿ ನಿಂತಿದ್ದಾಳೆ ಅಂತ ನೋಡಿದ.

"ಎಷ್ಟು?" ಅಂತ ಕೇಳಿದವನು, ಏನೂ ಕಾಣದ ಔಲಿಸ್.

"ಒಂದು ಗೇಣು, ಅಪ್ಪ."

ಮುದುಕ ಗೋಡೆಗೆ ಬಂದು ದಿಮ್ಮಿಯ ಮೇಲೆ ಬೆರಳಾಡಿಸಿದ. ತನ್ನ ಹನ್ನೊಂದೂ ಗೀಟನ್ನು ಒಂದೊಂದಾಗಿ ಮುಟ್ಟಿದ.

"ಇವು ಸುಳ್ಳು" ಅಂದ. "ಹನ್ನೊಂದೂ ಸುಳ್ಳು. ಹಿಲ್ಮಾ ರಬ್ಬರ್ ಬೂಟು ಹಾಕ್ಕೊಂಡು ಬರೋಳು. ನಾನು ಹೆಜ್ಜೆ ಎಣಿಸ್ತಿದ್ದೆ. ಪ್ರತಿ ವರ್ಷ ಒಂಚೂರು ತಡ ಮಾಡಿ 'ಈಗ' ಅಂತಿದ್ದೆ, ಅನುಮಾನ ಬರಬಾರದು ಅಂತ."

ಇಲಾರಿ ಕಂಬ ಬಿಟ್ಟು ಅಲ್ಲಾಡಲಿಲ್ಲ.

"ಹಿಲ್ಮಾ ಕಾಲು ಹೋದ ವರ್ಷ ಹುಲ್ಲಿನ ಕಾಲದಲ್ಲಿ ನಂಗೆ ನಿಜವಾಗಿ ಕಾಣ್ತಿದ್ದದ್ದು ಇಷ್ಟೇ, ಒಂದು ಗೇಣೋ ಏನೋ. ಗೋಡೆ ಮೂರು ಮೊಳ ಅಂತಿತ್ತು. ಹಿಲ್ಮಾ ಗೋಡೆ ನಂಬಿದಳು. ನಾನು ಓಡಿಸ್ತಿದ್ದ ಟ್ರ್ಯಾಕ್ಟರಿನ ಎಡಗಡೆ ನಿಂತ್ಕೊಂಡ್ಳು."

ಸೈಮಾಳಿಗೆ ಆಗ ಹನ್ನೊಂದು ವರ್ಷ. ಅಮ್ಮನ ಕಾಲಿಗೆ ಸುತ್ತಿದ್ದ ಮೇಜಿನ ಬಟ್ಟೆಯ ನೀಲಿ ಚೌಕಗಳು ಅವಳಿಗೆ ಈಗಲೂ ನೆನಪಿದ್ದವು.

"ಬ್ರೇಕು ಹಿಡೀಲಿಲ್ಲ ಅಂದ್ಯಲ್ಲ ಅಪ್ಪ."

"ಬ್ರೇಕು ಸರಿ ಇತ್ತು."

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಾಯ್ತು. ಏನೂ ಅನ್ಲಿಲ್ಲ. ಆದ್ರೆ ಆ ಮುಚ್ಚಳ ಮತ್ತೆ ಕೈಗೆ ತೊಗೊಳ್ಲಿಲ್ಲ. ಕಾಲಿಂದಾಗಿ ಅಳತೆ ನಿಂತಿದ್ದಲ್ಲ."

ಸೈಮಾ ಬೂಟು ಹಾಕಿಕೊಂಡು ಮನೆಗೆ ಬಂದಳು. ಎರಡು ದಿನ ಅಪ್ಪನ ತಟ್ಟೆಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟಳು. ಮೂರನೆಯ ದಿನ ಅವನ ಮೀನಿನ ಮುಳ್ಳನ್ನು ಎಂದಿನಂತೆ ಬಿಡಿಸಿಕೊಟ್ಟಳು. ಸಿಟ್ಟು ಹೋಗಿರಲಿಲ್ಲ, ಆದರೆ ಮುಳ್ಳು ಬಿಡಿಸದೆ ಇದ್ದರೆ ಅವನ ಗಂಟಲಿಗೆ ಸಿಗುತ್ತಿತ್ತು.

ಕೊಟ್ಟಿಗೆಯ ಅಳತೆಯ ಮರುದಿನ, ಸೋಮವಾರ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಇಲಾರಿ ಅಡಿಗೆಮನೆಗೆ ಬಂದಾಗ ಅವನ ಕಾರಿನ ಕೀ ಜೇಬಿನಲ್ಲಿರಲಿಲ್ಲ. ಬಾಗಿಲ ಪಕ್ಕದ ಕೊಕ್ಕೆಗೆ ತೂಗಿತ್ತು.

"ಅಮ್ಮ, ಬಿಟ್ಟು ಬರ್ತೀಯಾ?"

ಅವಳು ಕೋಟು ತೊಟ್ಟಳು. ಅಂದಿನಿಂದ ದಿನಾ ನಲವತ್ತು ಹೋಗಿ, ನಲವತ್ತು ಬಂದು, ಏಳಕ್ಕೆ ಶಾಲೆಯ ಒಲೆ ಹಚ್ಚಿದಳು. ಮಧ್ಯಾಹ್ನ ಹಾಲಿನ ಪೀಪಾಯಿಗೆ ಒರಗಿಯೇ ಹತ್ತು ನಿಮಿಷ ನಿದ್ದೆ. ಪಿರಿಟಾ ಸಂಜೆ ಹೊತ್ತು ಹಿಮದ ರಸ್ತೆಯಲ್ಲಿ ಕಲಿಸುವವನ ಜೊತೆ ಗಾಡಿ ಓಡಿಸಿ ಬೆವತು ಬರುವಳು. ಒಂದು ದಿನ ಹಳ್ಳಕ್ಕೂ ಇಳಿಸಿದಳು. ಇಲಾರಿ ಅವತ್ತು ನಗಲಿಲ್ಲ. ಕಾಫಿ ಬಗ್ಗಿಸಿಕೊಟ್ಟು, ಜಾರುವಾಗ ಬ್ರೇಕು ಒತ್ತಬಾರದು, ಕ್ಲಚ್ಚು ಒತ್ತಿ ಗಾಡಿಯನ್ನು ಅದರ ಪಾಡಿಗೆ ಬಿಡಬೇಕು ಅಂತ ಮೇಜಿನ ಮೇಲೆ ಚಮಚ ಇಟ್ಟು ತೋರಿಸಿದ. ನಾಲ್ಕು ವಾರದಲ್ಲಿ ಅವರಿಬ್ಬರು ಒಂದೇ ಮೇಜಿನಲ್ಲಿ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಹಾಗಂತ ಜಗಳ ಮುಗಿದಿರಲಿಲ್ಲ. ಇಪ್ಪತ್ತೇಳಕ್ಕೆ ಎರಡು ದಿನ ಇದೆ ಅನ್ನುವಾಗ ಇಲಾರಿ ಕೇಳಿದ: ಕಾರು ಬಿಟ್ಟಾಯಿತಲ್ಲ, ಇನ್ನು ಆ ಪರೀಕ್ಷೆ ಯಾಕೆ? ಚಿಕಿತ್ಸೆ ಬರುವುದು ಯಾವಾಗಲೋ. ಬರುವ ಹೊತ್ತಿಗೆ ನನ್ನ ಒಂದು ಗೇಣು ನಾಲ್ಕು ಬೆರಳಾಗಿರುತ್ತದೆ. ಎಷ್ಟು ಹೋಯಿತು ಅಂತ ಪ್ರತಿ ವರ್ಷ ಕಾಗದದ ಮೇಲೆ ಬರೆಸಿಕೊಂಡು ಬರಲು ಐದು ಗಂಟೆ ದಾರಿ ಸವೆಸಬೇಕೇ?

ಪಿರಿಟಾ ಬಟ್ಟೆ ಮಡಚುತ್ತಿದ್ದಳು. ಲೂಮಿಯ ಪುಟ್ಟ ಕಾಲುಚೀಲ ಕೈಯಲ್ಲಿ ಹಿಡಿದೇ ಹೇಳಿದಳು:

"ನಿನ್ನ ಮಗಳು ಈ ಕಾಯಿಲೇನ ಮೈಯಲ್ಲಿ ಹೊತ್ಕೊಂಡಿದ್ದಾಳೆ. ನಾಳೆ ಅವಳಿಗೊಂದು ಗಂಡುಮಗು ಆಗ್ಬಹುದು. ಅವನಿಗಾದ್ರೂ ಔಷಧ ಬೇಕಲ್ಲ. ಯಾರ್ಯಾರ ಕಣ್ಣು ಎಷ್ಟೆಷ್ಟು ಹೋಯ್ತು ಅಂತ ನಿಜ ಗೊತ್ತಿಲ್ದೆ ಔಷಧ ತಾಗ್ತೋ ಇಲ್ವೋ ಹೇಗೆ ಹೇಳ್ತಾರೆ? ಎಲ್ರೂ ನಿನ್ನ ಹಾಗೇ, ಅಜ್ಜನ ಹಾಗೇ ಗೀಟು ಹಾಕಿಸ್ಕೊಂಡ್ರೆ?"

ಅವನು ಎದ್ದು ಹೊರಗೆ ಹೋದ. ಸೌದೆ ಒಡೆಯುವ ಸದ್ದು ಬಹಳ ಹೊತ್ತು ಕೇಳಿತು. ಒಳಗೆ ಬಂದು, ಹೊರಡುವುದು ಎಷ್ಟು ಗಂಟೆಗೆ ಅಂತ ಮಾತ್ರ ಕೇಳಿದ.

ಅವತ್ತು ಸೈಮಾ ಶಾಲೆಗೆ ರಜೆ ಹಾಕಿ ಗಾಡಿ ಓಡಿಸಿದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಇಲಾರಿ ಚೀಲದಿಂದ ಸಾಮಿಲ್ಲಿನ ಕಿತ್ತಳೆ ಬಣ್ಣದ ಕಿವಿಮುಚ್ಚಿಗೆ ತೆಗೆದು ಕೊರಳಿಗೆ ಹಾಕಿಕೊಂಡ. ಅದರ ಮೇಲೆ ಇನ್ನೂ ಮರದ ಪುಡಿ ಅಂಟಿತ್ತು.

"ಅದ್ಯಾಕೆ?" ಅಂದಳು ನರ್ಸು.

"ನಂಗೆ ಕಿವಿ ಜಾಸ್ತಿ ಕೇಳತ್ತೆ" ಅಂದ.

ಅವಳು ಒಂದು ಗಳಿಗೆ ಅವನನ್ನೇ ನೋಡಿ, ಹಾಕಿಕೊಳ್ಳಿ, ಅಡ್ಡಿಯಿಲ್ಲ ಅಂದಳು. ಬಾಗಿಲು ಮುಚ್ಚಿತು. ಹಿಂದಿನ ವರ್ಷಗಳಲ್ಲಿ ಹತ್ತೇ ನಿಮಿಷದಲ್ಲಿ ಹೊರಗೆ ಬರುತ್ತಿದ್ದೆ ಅಂತ ಅವನೇ ಹೇಳಿದ್ದ. ಸೈಮಾ ಗೋಡೆಯ ಗಡಿಯಾರ ನೋಡುತ್ತಾ ಕೂತಳು. ಹತ್ತು ಆಯಿತು, ಹದಿನೈದು ಆಯಿತು. ಒಳಗೆ ಬೆಳಕು ಬರುತ್ತದೆ, ಅವನಿಗೆ ಕಾಣುವುದಿಲ್ಲ, ಬೆರಳು ಸುಮ್ಮನಿದೆ. ಯಂತ್ರ ಕಾಯುತ್ತದೆ, ಇನ್ನೊಂದು ಬೆಳಕು ಬಿಡುತ್ತದೆ. ಆ ಬೆರಳು ಸುಮ್ಮನಿರಲಿ ಅಂತ ಒಬ್ಬ ತಾಯಿ ಹಾರೈಸಬೇಕಾಗಿ ಬರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತೆಂಟನೆಯ ನಿಮಿಷಕ್ಕೆ ಬಾಗಿಲು ತೆರೆಯಿತು. ಅವನ ಹಣೆಯಲ್ಲಿ ಯಂತ್ರದ ಅಚ್ಚು ಕೆಂಪಗೆ ಬಿದ್ದಿತ್ತು.

ಡಾಕ್ಟರು ಹಾಳೆ ತೋರಿಸಿದರು. ಕಪ್ಪು ಹಾಳೆಯ ನಡುವೆ ಒಂದು ಬಿಳಿ ಮಚ್ಚೆ, ಬಲಕ್ಕೆ ದೂರದಲ್ಲಿ ಹರಿದ ಚೂರಿನಂತೆ ಇನ್ನೊಂದು. ಒಂದು ಸಲವೂ ಬರಿದೇ ಗುಂಡಿ ಒತ್ತಿಲ್ಲ ಅಂದರು. ಎರಡು ವರ್ಷದ ಹಿಂದೆ ಶುರುವಾಗಬೇಕಿದ್ದ ಲೆಕ್ಕ ಇವತ್ತು ಶುರುವಾಯಿತು, ಪ್ರಯೋಗಕ್ಕೆ ಸೇರಿಸುತ್ತಾರೋ ಇಲ್ಲವೋ ಈಗ ಹೇಳಲಾರೆ, ಆದರೆ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಆಮೇಲೆ, ಲೈಸೆನ್ಸಿನ ವಿಷಯ ಪೊಲೀಸರಿಗೆ ತಿಳಿಸುವುದು ತಮ್ಮ ಕರ್ತವ್ಯ ಅಂದರು.

"ತಿಳಿಸಿ" ಅಂದ ಇಲಾರಿ. "ಮುಂದಿನ ವರ್ಷ ಯಾವತ್ತು ಬರ್ಬೇಕು?"

ಪಿರಿಟಾ ಮೊದಲ ಸಲ ಫೇಲಾದಳು. ಎರಡನೆಯ ಸಲ, ಡಿಸೆಂಬರ್ ಹನ್ನೊಂದಕ್ಕೆ, ಪಾಸಾದಳು. ಬೆಳಗಿನ ಐದರ ಓಡಾಟ ಅವಳ ಪಾಲಿಗೆ ಹೋಯಿತು. ಮೊದಲ ದಿನ ಇಲಾರಿ ಪಕ್ಕದ ಸೀಟಿನಲ್ಲಿ ಕೂತು ನಿಧಾನ, ನಿಧಾನ ಅಂದನಂತೆ. ಇನ್ನೊಂದು ಸಲ ಬಾಯಿ ಬಿಟ್ಟರೆ ಲೂಮಿಯ ಸೀಟಿನಲ್ಲಿ ಕೂರಿಸುತ್ತೇನೆ ಅಂದಳಂತೆ.

ಕ್ರಿಸ್‌ಮಸ್ ಹಬ್ಬಕ್ಕೆ ವಾರವಿರುವಾಗ ಲಕೋಟೆ ಬಂತು. ಮೇಜಿನ ಮೇಲೆ ಕಿತ್ತಳೆ ಬಣ್ಣದ ಗಜ್ಜರಿ ಗಂಜಿ ಆರುತ್ತಿತ್ತು. ಸೈಮಾ ಈ ಸಲ ಹೆಸರು ನೋಡಿದಳು. ನೋಡಿ, ಒಡೆಯದೆ, ಮಗನ ತಟ್ಟೆಯ ಪಕ್ಕ ಇಟ್ಟಳು, ಅವನ ನೋಟಕ್ಕೆ ಸಿಗುವ ಹಾಗೆ, ನೇರ ಮುಂದೆ.

ಇಲಾರಿ ಅದನ್ನು ಎತ್ತಿ ಅವಳಿಗೇ ಕೊಟ್ಟ.

"ಜೋರಾಗಿ ಓದು" ಅಂದ. "ಎಲ್ರೂ ಕೇಳ್ಲಿ."

ಅವಳು ಚಮಚದ ಹಿಡಿಯಿಂದ ಸೀಳಿದಳು. "'ನವೆಂಬರ್ ಇಪ್ಪತ್ತೇಳರ ಪರೀಕ್ಷೆಯ ಫಲಿತಾಂಶ ನಂಬಲರ್ಹವಾಗಿದೆ. ಇದನ್ನು ತಮ್ಮ ಮೊದಲನೆಯ ಅಳತೆಯೆಂದು ದಾಖಲಿಸಲಾಗಿದೆ.'" ಕೆಳಗೆ ಎಡಗಣ್ಣಿಗೊಂದು ಸಂಖ್ಯೆ, ಬಲಗಣ್ಣಿಗೊಂದು. ಎರಡೂ ಸಣ್ಣವು. ಅದನ್ನೂ ಓದಿದಳು. ಲೈಸೆನ್ಸು ಒಪ್ಪಿಸಬೇಕಾದ ತಾರೀಕನ್ನೂ ಓದಿದಳು. ಮುಂದಿನ ನವೆಂಬರಿನ ದಿನವನ್ನೂ ಓದಿದಳು. ಧ್ವನಿ ಎಲ್ಲೂ ತಗ್ಗಿಸಲಿಲ್ಲ.

"ಒಳ್ಳೇ ಸುದ್ದೀನಾ, ಕೆಟ್ಟ ಸುದ್ದೀನಾ?" ಅಂತ ಲೂಮಿ ಕೇಳಿದಳು.

"ಎರಡೂ. ಗಂಜಿ ತಿನ್ನು" ಅಂದ ಅವಳಪ್ಪ.

ಔಲಿಸ್ ಚಮಚ ಕೆಳಗಿಟ್ಟು ಕಿವಿಯನ್ನು ಮಗಳ ಕಡೆ ವಾಲಿಸಿದ್ದ.

"ಸೈಮಾ" ಅಂದ. "ಆ ಮೊದಲ್ನೇ ಸಾಲು ಇನ್ನೊಂದ್ಸಲ ಓದು."

ಅವಳು ಓದಿದಳು.